ಅಕ್ಕನ ಕೀಬೋರ್ಡು

ಕೋರ್ಟಿನ ಗೇಟಿನ ಎದುರಿಗಿರುವ ಟೈಪಿಂಗ್ ಅಂಗಡಿಯಲ್ಲಿ ಒಂದು ಮೇಜು, ಒಂದು ಕಂಪ್ಯೂಟರು, ಎರಡು ಕುರ್ಚಿ, ಮತ್ತು ಮಾತು ಬಿಟ್ಟ ಒಬ್ಬ ಅಕ್ಕ, ಒಬ್ಬ ತಮ್ಮ ಇದ್ದರು.

ತಮ್ಮನನ್ನು ಬೀದಿಯವರೆಲ್ಲ ಅರ್ಜಿಯಣ್ಣ ಎನ್ನುತ್ತಿದ್ದರು. ಪರರ ಜಗಳಗಳನ್ನು ಅಚ್ಚುಕಟ್ಟಾಗಿ ಟೈಪು ಮಾಡಿಕೊಟ್ಟು ಹೊಟ್ಟೆ ಹೊರೆಯುವ ಮನುಷ್ಯ. ಅಣ್ಣತಮ್ಮಂದಿರ ಗೋಡೆ ತಕರಾರು, ಗಂಡಹೆಂಡಿರ ಬಿಡುಗಡೆ, ಮನೆ ಬಿಡದ ಬಾಡಿಗೆದಾರನ ಮೊಂಡಾಟ, ಎಲ್ಲವೂ ಅವನ ಬೆರಳ ತುದಿಯಿಂದಲೇ ಕೋರ್ಟಿಗೆ ಹೋಗಬೇಕು. ಇಷ್ಟೆಲ್ಲ ನೋಡಿದವನಿಗೆ ಜಗಳವೆಂದರೆ ವಾಕರಿಕೆ ಬರಬೇಕಿತ್ತು. ಬರಲಿಲ್ಲ. ರುಚಿ ಹತ್ತಿತು.

ಅಕ್ಕ ಅವನಿಗಿಂತ ದೊಡ್ಡವಳು, ಗಟ್ಟಿಯವಳು, ಬೆರಳಿನಲ್ಲಿ ಇನ್ನೂ ವೇಗದವಳು. ಹಾಳೆಯ ಮೇಲೆ ಕಣ್ಣು ನೆಟ್ಟಳೆಂದರೆ ಸ್ಕ್ರೀನಿನ ಕಡೆ ಗೋಣೆತ್ತುವವಳಲ್ಲ. ಅಂಗಡಿಯ ಕರಾರುಪತ್ರ ಅವಳ ಹೆಸರಿನಲ್ಲಿತ್ತು, ಬೀಗದ ಕೈ ಅವಳ ಚೀಲದಲ್ಲಿತ್ತು. ನಮ್ಮ ಭಾಷೆಯ ಕಾಗದವೆಲ್ಲ ಅವಳದು, ಇಂಗ್ಲಿಷಿನದೆಲ್ಲ ತಮ್ಮನದು. ಮೇಜಿನ ಮೇಲೆ ಸ್ಕ್ರೀನು ತಿರುಗುವ ಸ್ಟ್ಯಾಂಡಿನ ಮೇಲಿತ್ತು. ಯಾರ ಸರದಿಯೋ ಅವರ ಕಡೆಗೆ ಮುಖ, ಇನ್ನೊಬ್ಬರ ಕಡೆಗೆ ಬೆನ್ನು. ಆ ಅಂಗಡಿಯಲ್ಲಿ ಎಲ್ಲರೂ ಹಾಗೆಯೇ ಇದ್ದರು ಅನ್ನಿ.

ಮಾತು ಬಿಟ್ಟದ್ದಕ್ಕೆ ಕಾರಣ ಕಾಫಿ. ಒಂದು ದಿನ ಅಕ್ಕನ ಲೋಟ ಉರುಳಿ ಕೀಬೋರ್ಡು ಕಾಫಿ ಕುಡಿಯಿತು. ಬಾಯಲ್ಲಿ ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅರ್ಜಿಯಣ್ಣನಿಗೆ ಬಾಯಿಗಿಂತ ಕಾಗದದ ಮೇಲೆ ನಂಬಿಕೆ ಜಾಸ್ತಿ. ಮರುದಿನ ಬೆಳಿಗ್ಗೆ ದಪ್ಪ ಅಕ್ಷರದಲ್ಲಿ ಪ್ರಿಂಟು ತೆಗೆದು ಗೋಡೆಗೆ ಅಂಟಿಸಿದ: "ಕೀಬೋರ್ಡಿನ ಹತ್ತಿರ ಕಾಫಿ ತರಕೂಡದು. ಇದು ಎಲ್ಲರಿಗೂ ಅನ್ವಯಿಸುತ್ತದೆ."

ಅಕ್ಕ ಬಂದಳು, ಓದಿದಳು, ಚೀಲ ಎತ್ತಿಕೊಂಡು ಹೊರಟೇಹೋದಳು. ಹಿಂದಿರುಗಿದಾಗ ಅವಳ ಕೈಯಲ್ಲಿ ತನ್ನದೇ ಒಂದು ಹೊಸ ಕೀಬೋರ್ಡು ಇತ್ತು. ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿ, ಗಾಳಿಯನ್ನು ನೋಡುತ್ತ ಹೇಳಿದಳು: "ಎಲ್ಲರೂ ಅಂದ್ರೆ ಈ ಅಂಗಡೀಲಿ ಯಾರು ಅಂತ ನಂಗೆ ಗೊತ್ತಿಲ್ವಾ? ಎತ್ತಿ ಆಡಿಸಿದ ಕೂಸು ನಂಗೆ ನೋಟಿಸ್ ಕೊಡುತ್ತೆ."

ಅಂದಿನಿಂದ ಮಧ್ಯಾಹ್ನ ಊಟಕ್ಕೆ ಹೋಗುವಾಗ ಆ ಕೀಬೋರ್ಡನ್ನು ಕಿತ್ತು, ಟವೆಲಿನಲ್ಲಿ ಸುತ್ತಿ, ಚೀಲಕ್ಕೆ ಹಾಕಿಕೊಂಡೇ ಮನೆಗೆ ಹೋಗುತ್ತಿದ್ದಳು. ತಮ್ಮನ ಕೈ ತಾಗಿ ಅದು ಮೈಲಿಗೆ ಆಗದಿರಲಿ ಎಂದು. ಅವಳು ಬೀದಿಯ ತಿರುವಿನಲ್ಲಿ ಕಾಣಿಸಿದ ಕೂಡಲೇ ಅರ್ಜಿಯಣ್ಣ ಎದ್ದು ತನ್ನ ಊಟಕ್ಕೆ ನಡೆಯುತ್ತಿದ್ದ. ಎದುರಾಬದುರಾ ಆಗುವುದು ಇಬ್ಬರಿಗೂ ಬೇಕಿರಲಿಲ್ಲ. ಹೇಳಲೇಬೇಕಾದ ಮಾತುಗಳು ಅಂಗಡಿಯ ಮೂಲೆಯಲ್ಲಿ ಯಂತ್ರ ಇಟ್ಟುಕೊಂಡಿದ್ದ ಜೆರಾಕ್ಸಿನವನ ಮೂಲಕ ಹೋಗುತ್ತಿದ್ದವು. ಅವನು ಪ್ರಾಮಾಣಿಕ. ಬೈಗುಳವನ್ನೂ ಒಂದಕ್ಷರ ಬಿಡದೆ ನಕಲು ಮಾಡಿ ಕೊಡುತ್ತಿದ್ದ.

ಇನ್ನು ಕಂಪ್ಯೂಟರಿನ ವಿಷಯ. ಕಕ್ಷಿದಾರರು ತರುವ ಪೆನ್‌ಡ್ರೈವುಗಳಿಂದ ವೈರಸ್ಸು ನುಗ್ಗಿ ನುಗ್ಗಿ ಹಳೆಯ ವ್ಯವಸ್ಥೆ ಹಾಸಿಗೆ ಹಿಡಿದಿತ್ತು. ಅರ್ಜಿಯಣ್ಣ ವಿಡಿಯೋ ನೋಡಿ ಕಲಿತು, ತಾನೇ ಲಿನಕ್ಸ್ ಎಂಬ ಬಿಟ್ಟಿ ಆಪರೇಟಿಂಗ್ ಸಿಸ್ಟಮ್ ಹಾಕಿದ. ಅಕ್ಕ ಬೇಡವೆಂದಿದ್ದಳು. "ನಡೀತಾ ಇರೋದನ್ನ ಯಾಕಪ್ಪಾ ಬಿಚ್ತೀಯ? ಬಿಚ್ಚೋಕೆ ಬರುತ್ತೆ, ಮುಚ್ಚೋಕೆ ಬರುತ್ತಾ?" ಅದಿನ್ನೂ ಮಾತಿದ್ದ ಕಾಲ. ಹೊಸ ವ್ಯವಸ್ಥೆ ಚೆನ್ನಾಗಿಯೇ ಓಡಿತು. ಅವನು ಬೀದಿಯಲ್ಲಿ ಎದೆಯುಬ್ಬಿಸಿ ಓಡಾಡಿದ. ಚಹಾ ಕುಡಿಯುವಾಗಲೂ ಲಿನಕ್ಸ್, ಕ್ಷೌರ ಮಾಡಿಸುವಾಗಲೂ ಲಿನಕ್ಸ್. ಬೀದಿಯವರು ಅವನನ್ನು ಕಂಡರೆ ರಸ್ತೆ ದಾಟತೊಡಗಿದರು.

ಆಮೇಲೆ ಶುರುವಾಯಿತು ಕಾಟ. ಅಕ್ಕ ಮಧ್ಯಾಹ್ನ ಬಂದು ಟೈಪು ಮಾಡಲು ಕೂತರೆ ನಮ್ಮ ಭಾಷೆಯ ಬದಲು ಇಂಗ್ಲಿಷ್ ಅಕ್ಷರಗಳು ಕಲಸುಮೇಲೋಗರವಾಗಿ ಬೀಳುತ್ತಿದ್ದವು. ಎಷ್ಟೋ ಸಾಲು ಬಡಿದ ಮೇಲೆ ಅವಳು ತಲೆ ಎತ್ತಿ ನೋಡಿ ಹಲ್ಲು ಕಡಿಯುತ್ತಿದ್ದಳು.

"ಕೇಳು ಅವರನ್ನ," ಎಂದು ತಮ್ಮ ಊಟದಿಂದ ಬಂದ ಕೂಡಲೇ ಜೆರಾಕ್ಸಿನವನಿಗೆ ಹೇಳುತ್ತಿದ್ದಳು, "ಎದ್ದು ಹೋಗುವಾಗ ಭಾಷೆ ವಾಪಸ್ ಹಾಕಿ ಹೋಗೋಕೆ ಏನು ರೋಗ ಅಂತ."

"ಅಣ್ಣಾ, ಏನು ರೋಗ ಅಂತೆ."

"ಹಾಕಿಯೇ ಹೋಗಿದ್ದೆ ಅಂತ ಹೇಳು. ದಿನಾ ಹಾಕ್ತೀನಿ. ಅವರೇ ಒತ್ತಿಕೊಂಡು ನನ್ನ ಮೇಲೆ ಹಾಕ್ತಿದಾರೆ ಅಂತಾನೂ ಹೇಳು."

"ಅಕ್ಕಾ, ನೀವೇ ಒತ್ತಿಕೊಂಡು..."

"ಕೇಳಿಸ್ತು. ನಂಗೆ ಕಿವಿ ಇದೆ."

ಇದು ಹೀಗೇ ನಡೆಯುತ್ತಿತ್ತೇನೋ. ಆದರೆ ಒಂದು ದಿನ ಹಿರಿ ವಕೀಲರ ಅರ್ಜಿಯೊಂದನ್ನು ಅವರ ಜೂನಿಯರ್ ತಲೆಯ ಮೇಲೆ ನಿಂತು ಬರೆಸಿಕೊಳ್ಳುತ್ತಿದ್ದ. ಅಕ್ಕ ಊಟ ಮುಗಿಸಿ ಬಂದು ಕೊನೆಯ ಪ್ಯಾರಾ ಬಡಿದು, ಗೋಣೆತ್ತದೆ ಪ್ರಿಂಟು ಕೊಟ್ಟಳು. ಜೂನಿಯರ್ ಬಿಸಿ ಆರುವ ಮೊದಲೇ ಕಿತ್ತುಕೊಂಡು ಓಡಿದ. ಅರ್ಜಿಯ ಕೊನೆಯ ಪ್ಯಾರಾ ಎಂದರೆ ಕೋರ್ಟಿನಿಂದ ತಮಗೆ ಏನು ಬೇಕು ಎಂದು ಕೇಳುವ ಜಾಗ. ನ್ಯಾಯಾಧೀಶರು ಕನ್ನಡಕ ಸರಿಮಾಡಿಕೊಂಡು, "ವಕೀಲರೇ, ತಮಗೆ ಬೇಕಾಗಿರುವುದೇನು? ಸ್ವಲ್ಪ ಓದಿ ಹೇಳಿ" ಎಂದರು. ಹಿರಿ ವಕೀಲರು ಹಾಳೆ ನೋಡಿದರು. ಕೆಮ್ಮಿದರು. ಮತ್ತೆ ಕೆಮ್ಮಿದರು.

ಅವತ್ತು ಅವರು ಕರಿಕೋಟಿನಲ್ಲೇ ಅಂಗಡಿಗೆ ನುಗ್ಗಿದರು. "ಏನ್ರಯ್ಯಾ ಇದು? ಕೋಳಿ ಕೆದರಿದ ಹಾಗಿದೆ! ಇಡೀ ಕೋರ್ಟು ನಕ್ಕುಬಿಡ್ತು. ಮುಂದಿನ ವಾರ ನನ್ನ ಅಪೀಲಿದೆ. ಅದರಲ್ಲಿ ಒಂದಕ್ಷರ ಹೀಗಾದ್ರೆ ನನ್ನ ಕೆಲಸವೆಲ್ಲ ಎದುರು ಅಂಗಡಿಗೆ. ತಿಳೀತಾ?"

ಅಂಗಡಿಯ ಅರ್ಧ ಕೆಲಸ ಅವರದೇ. ಅಕ್ಕ ಬಾಗಿಲ ತನಕ ಹೋಗಿ ಅವರನ್ನು ಬೀಳ್ಕೊಟ್ಟು ಬಂದು, ಜೆರಾಕ್ಸಿನವನ ಮುಂದೆ ನಿಂತು ಪ್ರತಿ ಪದವನ್ನೂ ತೂಗಿ ತೂಗಿ ಹೇಳಿದಳು: "ಅಪೀಲು ಕೆಟ್ರೆ ಅವರ ಲಿನಕ್ಸ್ ಡಬ್ಬ ಅವರ ತಲೆ ಮೇಲೆ ಇಟ್ಕೊಂಡು ಹೊರಡಲಿ. ಕುರ್ಚಿ ನಾನು ಬೇರೆಯವರಿಗೆ ಕೊಡ್ತೀನಿ."

ಜೆರಾಕ್ಸಿನವನು ಅಂದು ನಕಲು ಮಾಡುವ ಗೋಜಿಗೆ ಹೋಗಲಿಲ್ಲ. ಅಸಲು ಪ್ರತಿಯೇ ತಲುಪಬೇಕಾದವರಿಗೆ ತಲುಪಿತ್ತು.

ಅರ್ಜಿಯಣ್ಣನಿಗೆ ಬೇರೆ ಕೆಲಸ ಗೊತ್ತಿರಲಿಲ್ಲ. ತಲೆ ನರೆಯುವ ಹೊತ್ತಿಗೆ ಯಾರದೋ ಅಂಗಡಿಯಲ್ಲಿ ಬೆಂಚಿನ ತುದಿಯಲ್ಲಿ ಕೂರಬೇಕೇ? ತಪ್ಪು ತನ್ನದಲ್ಲ ಎಂಬುದು ಅವನಿಗೆ ಖಾತ್ರಿಯಿತ್ತು. ಅಕ್ಕ ಮೊಂಡಿ, ಆದರೆ ಸುಳ್ಳಿ ಅಲ್ಲ ಎಂಬುದೂ ಒಳಗೊಳಗೇ ಗೊತ್ತಿತ್ತು. ಹಾಗಾದರೆ ಉಳಿದದ್ದು ಮೂರನೆಯವರು. ಲಿನಕ್ಸಿನ ಮೇಲೆ ಕಿಟಕಿ, ಪಟ್ಟಿ, ಗುಂಡಿ, ಭಾಷೆ ಇದನ್ನೆಲ್ಲ ನಡೆಸುವ ಡೆಸ್ಕ್‌ಟಾಪು. ಅದನ್ನು ಬರೆಯುವವರು ಜಗತ್ತಿನ ಮೂಲೆ ಮೂಲೆಯಲ್ಲಿರುವ ಬಿಟ್ಟಿ ದುಡಿಮೆಯ ಜನ. ದೋಷ ಕಂಡವರು ಬಂದು ದೂರು ಬರೆಯಲೆಂದು ಅವರು ಒಂದು ವೆಬ್‌ಸೈಟು ಇಟ್ಟಿದ್ದರು. ದೂರು ಎಂಬ ಪದ ಓದಿದ್ದೇ ಅರ್ಜಿಯಣ್ಣನ ಕೈ ತುರಿಸಿತು.

ಅವನು ಇಂಗ್ಲಿಷಿನಲ್ಲಿ ಬರೆದದ್ದರ ತಾತ್ಪರ್ಯ ಇಷ್ಟು: "ಕೆಳಗೆ ಸಹಿ ಮಾಡಿರುವ ಫಿರ್ಯಾದುದಾರನಾದ ನಾನು ಸತ್ಯಪ್ರಮಾಣವಾಗಿ ನಿವೇದಿಸುವುದೇನೆಂದರೆ, ಎದುರುದಾರರಾದ ತಮ್ಮ ಡೆಸ್ಕ್‌ಟಾಪು ನಿರಪರಾಧಿಯಾದ ನನ್ನ ಭಾಷೆಯನ್ನು ಯಾವುದೇ ಕಾರಣವಿಲ್ಲದೆ, ದುರುದ್ದೇಶದಿಂದ ಬದಲಾಯಿಸುತ್ತಿದ್ದು, ಇದರಿಂದ ನನಗೆ ತೀವ್ರ ಮಾನಹಾನಿಯಾಗಿದ್ದು..." ವಾಕ್ಯ ಮುಂದಿನ ಪುಟದಲ್ಲಿ ಮುಗಿಯುತ್ತಿತ್ತು.

ಉತ್ತರ ಬಂತು. "ಮಾಹಿತಿ ಸಾಲದು. ಯಾವ ಆವೃತ್ತಿ? ಏನು ಮಾಡಿದಾಗ ಹೀಗಾಗುತ್ತದೆ? ಮುಚ್ಚಲಾಗಿದೆ."

ಬರೆದವನು ಯಾರೋ, ಯಾವ ದೇಶದವನೋ. ಬಂದ ದೂರನ್ನೆಲ್ಲ ಹೀಗೆ ಮುಚ್ಚುವುದನ್ನು ನೋಡಿ ಅರ್ಜಿಯಣ್ಣ ಅವನಿಗೆ ಚಿಲಕ ಎಂದು ಹೆಸರಿಟ್ಟ. "ಫಿರ್ಯಾದು ಓದದೇ ವಜಾ ಮಾಡ್ತಾನಲ್ಲೋ ಈ ಚಿಲಕ!" ಎಂದು ಜೆರಾಕ್ಸಿನವನ ಮುಂದೆ ಕೂಗಾಡಿ, ಆವೃತ್ತಿಯನ್ನು ಸೇರಿಸಿ, ಮತ್ತೆ ತೆರೆದ. "ಏನು ಮಾಡಿದಾಗ ಆಗುತ್ತದೆ ಎಂದು ಕೇಳಿದ್ದೀರಿ. ಏನೂ ಮಾಡದಿದ್ದಾಗ ಆಗುತ್ತದೆ. ಮಾಡುತ್ತಿರುವುದು ನಾನಲ್ಲ, ತಾವು."

ಚಿಲಕ ಬರೆದ: "ಇಲ್ಲಿ ಮಾಡಿ ನೋಡಿದೆ. ಆಗಲಿಲ್ಲ. ಆ ಕಂಪ್ಯೂಟರನ್ನು ಬೇರೆ ಯಾರಾದರೂ ಬಳಸುತ್ತಾರೆಯೇ?"

ಅರ್ಜಿಯಣ್ಣನ ಬೆರಳು ತಡೆಯಿತು. ಅವನ ಕಸುಬಿನಲ್ಲಿ ಮೊದಲು ಕಲಿಯುವ ಪಾಠವೆಂದರೆ ನಮ್ಮ ಕಡೆಯವರಿಗೆ ತೊಡಕಾಗುವುದನ್ನು ಕಾಗದಕ್ಕೆ ತರಬಾರದು ಎಂಬುದು. ಕುಡಿದು ಬಿದ್ದವನು ಅರ್ಜಿಯಲ್ಲಿ ಕಾಲು ಜಾರಿ ಬೀಳುತ್ತಾನೆ. ಅಕ್ಕ ಇದ್ದಾಳೆ ಎಂದು ಬರೆದರೆ ಈ ಚಿಲಕ, "ಅವಳೇ ಬದಲಾಯಿಸಿರುತ್ತಾಳೆ" ಎಂದು ಕೈ ತೊಳೆದುಕೊಳ್ಳುತ್ತಾನೆ. ಅಲ್ಲದೆ ಮನೆಯ ರಂಪವನ್ನು ಊರಿನವರು ನೋಡಿ ನಗುತ್ತಿರುವುದೇ ಸಾಲದೆ, ಪ್ರಪಂಚಕ್ಕೂ ತೋರಿಸಬೇಕೇ?

"ಇಲ್ಲ. ನಾನೊಬ್ಬನೇ," ಎಂದು ಬರೆದ.

"ಹಾಗಾದರೆ ನೀವೇ ತಿಳಿಯದೆ ಒತ್ತಿರಬೇಕು. ಮುಚ್ಚಲಾಗಿದೆ."

ಅರ್ಜಿಯಣ್ಣ ಉರಿದುಬಿದ್ದ. ಆ ದಿನ ಮೂರು ಜನ ಕಕ್ಷಿದಾರರನ್ನು ಕಾಯಿಸಿ, ಚಿಲಕನ ಹುಟ್ಟು, ಬೆಳವಣಿಗೆ, ಬಾಗಿಲು ಮುಚ್ಚುವ ಚಾಳಿ ಇವುಗಳ ಬಗ್ಗೆ ಒಂದು ದೀರ್ಘ ನಿವೇದನೆ ಬರೆದ. ದಾರಿಹೋಕರು ಒಬ್ಬಿಬ್ಬರು ಅದರ ಕೆಳಗೆ, "ನನಗೆ ಚೆನ್ನಾಗಿಯೇ ನಡೆಯುತ್ತಿದೆ" ಎಂದು ಬರೆದುಹೋದರು. ಹೊಟ್ಟೆನೋವು ಎಂದು ನರಳುವವನ ಮುಂದೆ ಬಂದು, ನನಗೆ ನೋವಿಲ್ಲಪ್ಪಾ ಎಂದು ಹೇಳಿ ಹೋಗುವವರನ್ನು ಅವನು ಅಲ್ಲಿಯೇ ಮೊದಲು ನೋಡಿದ್ದು.

ಚಿಲಕನ ಉತ್ತರ ತಣ್ಣಗಿತ್ತು. "ಈ ಕೆಲಸಕ್ಕೆ ನನಗೆ ಸಂಬಳವಿಲ್ಲ. ನಿಮ್ಮ ಬೈಗುಳ ಓದುವುದಕ್ಕಂತೂ ಇಲ್ಲವೇ ಇಲ್ಲ. ಲಾಗ್ ಕಳಿಸಿ, ಇಲ್ಲವೇ ಸುಮ್ಮನಿರಿ."

ಲಾಗ್ ಎಂದರೆ ಕಂಪ್ಯೂಟರು ತನಗೆ ಆದದ್ದನ್ನೆಲ್ಲ ತನ್ನ ಪಾಡಿಗೆ ಬರೆದುಕೊಳ್ಳುವ ದಿನಚರಿ. ಅದರಲ್ಲಿ ಏನಿದೆಯೆಂದು ನೋಡುವ ತಾಳ್ಮೆ ಅರ್ಜಿಯಣ್ಣನಿಗಿರಲಿಲ್ಲ. ಜೂನಿಯರ್ ಅಪೀಲಿನ ಕರಡು ತಂದು ಮೇಜಿನ ಮೇಲೆ ಇಟ್ಟು ಹೋಗಿದ್ದ. ಅಕ್ಕ ಅದನ್ನು ಮುಟ್ಟದೆ, ಸತ್ತ ಹಲ್ಲಿಯನ್ನು ನೋಡುವ ಹಾಗೆ ನೋಡುತ್ತಿದ್ದಳು. ಅರ್ಜಿಯಣ್ಣ ಚಿಲಕ ಹೇಳಿಕೊಟ್ಟ ಆದೇಶ ಒತ್ತಿ, ಬಂದದ್ದನ್ನೆಲ್ಲ ಹಾಗೇ ಬಾಚಿ ಕಳಿಸಿದ.

ಮರುದಿನ ಬೆಳಿಗ್ಗೆ ಉತ್ತರ ಕಾದಿತ್ತು.

"ನಿಮ್ಮ ಕಂಪ್ಯೂಟರಿಗೆ ಎರಡು ಕೀಬೋರ್ಡುಗಳಿವೆ. ಒಂದು ಪ್ರತಿದಿನ ಮಧ್ಯಾಹ್ನ ಹೊರಟುಹೋಗಿ, ಸ್ವಲ್ಪ ಹೊತ್ತಿನ ಮೇಲೆ ಹಿಂದಿರುಗುತ್ತದೆ. ನಾನೊಬ್ಬನೇ ಎಂದು ಬರೆದಿದ್ದೀರಿ. ನಿಮಗೆ ನಾಲ್ಕು ಕೈಗಳೇ? ಅಥವಾ ನಿಮ್ಮ ಕೀಬೋರ್ಡು ಊಟಕ್ಕೆ ಹೋಗುತ್ತದೆಯೇ?"

ಅರ್ಜಿಯಣ್ಣ ಕುರ್ಚಿಯಲ್ಲಿ ಕುಸಿದ. ಹೌದಲ್ಲ, ಹೋಗುತ್ತದೆ. ದಿನಾ ಟವೆಲು ಹೊದ್ದುಕೊಂಡು ಹೋಗುತ್ತದೆ. ಅದನ್ನು ಅವನು ಹಗೆಯೆಂದು ಎಣಿಸಿದ್ದನೇ ಹೊರತು ಕಾರಣವೆಂದು ಎಣಿಸಿರಲಿಲ್ಲ.

ಅಂದು ಮಧ್ಯಾಹ್ನ ಅಕ್ಕ ತಿರುವಿನಲ್ಲಿ ಕಾಣಿಸಿಕೊಂಡಳು. ಅರ್ಜಿಯಣ್ಣ ಏಳಲಿಲ್ಲ. ಜೆರಾಕ್ಸಿನವನನ್ನು ಎಳೆದು ಸ್ಕ್ರೀನಿನ ಮುಂದೆ ನಿಲ್ಲಿಸಿದ. "ನೋಡು, ಭಾಷೆ ನಮ್ಮದೇ ಇದೆ. ನೀನೇ ಸಾಕ್ಷಿ."

"ಸಾಕ್ಷಿಗೆ ಸಮನ್ಸ್ ಬರುತ್ತಾ ಅಣ್ಣಾ?"

"ಬಾಯಿ ಮುಚ್ಚಿ ಮೂಲೆ ನೋಡು."

ಅಕ್ಕ ಒಳಗೆ ಬಂದಳು. ತಮ್ಮ ಕೂತಲ್ಲೇ ಕೂತಿರುವುದನ್ನು ನೋಡಿ ಹುಬ್ಬೇರಿಸಿ, "ಇವತ್ತು ಇವರಿಗೆ ಹಸಿವಿಲ್ವಂತಾ?" ಎಂದು ಸೀಲಿಂಗ್ ಫ್ಯಾನನ್ನು ಕೇಳಿದಳು. ಟವೆಲು ಬಿಚ್ಚಿ, ಕೀಬೋರ್ಡು ತೆಗೆದು, ವೈರು ಸಿಕ್ಕಿಸಿದಳು. ಸ್ಕ್ರೀನಿನ ಕೆಳಮೂಲೆಯಲ್ಲಿ ಭಾಷೆ ಯಾವುದೆಂದು ತೋರಿಸುತ್ತಿದ್ದ ನಮ್ಮ ಅಕ್ಷರ ಕಣ್ಣೆದುರೇ ಮಾಯವಾಗಿ ಇಂಗ್ಲಿಷ್ ಅಕ್ಷರ ಬಂದು ಕೂತಿತು.

"ಅಕ್ಕಾ!" ಎಂದು ಅರ್ಜಿಯಣ್ಣ ಕಿರುಚಿದ.

ಆ ಪದ ಅವನ ಬಾಯಿಂದ ಬಂದು ಎಷ್ಟು ಕಾಲವಾಗಿತ್ತೆಂದರೆ, ಅಕ್ಕ ಮೊದಲು ಬೀದಿಯ ಕಡೆ ತಿರುಗಿ ಯಾರಾದರೂ ಬಂದರೇ ಎಂದು ನೋಡಿದಳು.

"ಇನ್ನೊಂದು ಸಲ ಕೀಳು. ಕಿತ್ತು ಸಿಕ್ಸು."

"ಯಾಕೆ?"

"ಕೀಳು ಅಂದ್ನಲ್ಲ!"

"ಯಾರ ಹತ್ರ ಗಂಟಲು ಏರಿಸ್ತಿದೀಯಾ?"

"...ಕೀಳಕ್ಕಾ, ನಿನ್ನ ದಮ್ಮಯ್ಯ."

ಅಕ್ಕ ಕಿತ್ತಳು, ಸಿಕ್ಕಿಸಿದಳು. ಅವನು ಭಾಷೆ ಸರಿಮಾಡಿದ. ಅವಳು ಮತ್ತೆ ಕಿತ್ತು ಸಿಕ್ಕಿಸಿದಳು. ಮತ್ತೆ ಇಂಗ್ಲಿಷ್. ವೈರು ಕೀಳುವ ಒಂದೊಂದು ಎಳೆತದಲ್ಲೂ ಗೋಡೆಯ ಮೇಲಿನ ನೋಟಿಸಿನ ಸಿಟ್ಟು ಇತ್ತು. ಕೊನೆಗೆ ಕೈಕಟ್ಟಿ ನಿಂತಳು.

"ಅಂದ್ರೆ ತಪ್ಪು ನನ್ನ ಕೀಬೋರ್ಡಿಂದು ಅಂತೀಯಾ?"

"ಅಲ್ಲ, ಡೆಸ್ಕ್‌ಟಾಪಿಂದು. ಕೀಬೋರ್ಡು ಹೋಗಿ ಬಂದ ಕೂಡಲೇ ಅದು ಹೊಸದು ಅಂದ್ಕೊಂಡು ಭಾಷೇನ ಮತ್ತೆ ಮೊದಲಿನ ಇಂಗ್ಲಿಷಿಗೇ ತರ್ತಿದೆ."

"ಆ ಡೆಸ್ಕ್‌ಟಾಪು ಹಾಕಿದ್ದು ಯಾರು?"

"ನಾನು."

"ಮತ್ತೆ?"

ಅರ್ಜಿಯಣ್ಣ ದನಿ ತಗ್ಗಿಸಿದ. "ಅಪೀಲು ಮುಗಿಯೋ ತನಕ ಕೀಬೋರ್ಡು ಇಲ್ಲೇ ಬಿಟ್ಟು ಹೋಗಕ್ಕಾ. ಕೀಳದಿದ್ರೆ ಏನೂ ಆಗಲ್ಲ."

"ಬಿಟ್ಟು ಹೋದ್ರೆ ನೀನು ಮುಟ್ಟಲ್ಲ ಅಂತ ಯಾರು ಹೊಣೆ?" ಎಂದ ಅಕ್ಕ, ಸ್ಕ್ರೀನನ್ನು ತನ್ನ ಕಡೆ ತಿರುಗಿಸಿಕೊಂಡಳು. "ಇದೇನು, ಯಾರಿಗೆ ಬರೀತಿದೀಯಾ ಇಷ್ಟು ದಿನದಿಂದ? ಏನಂತ ಬರೆದಿದೀಯಾ?"

ಅವನು ತೊದಲುತ್ತ ಹೇಳಿದ. ನಾನೊಬ್ಬನೇ ಎಂಬಲ್ಲಿಗೆ ಬಂದಾಗ ಅಕ್ಕನ ಮುಖ ಕಪ್ಪಿಟ್ಟಿತು.

"ಓಹೋ. ಕುರ್ಚಿ ಕೊಟ್ಟವಳು ನಾನು. ಅರ್ಧ ಅಂಗಡಿ ಟೈಪು ಮಾಡೋಳು ನಾನು. ನಾನು ಇಲ್ವೇ ಇಲ್ಲ! ಕೇಳಿಸ್ಕೊಂಡ್ಯೇನೋ ಜೆರಾಕ್ಸು? ನಾನು ಸತ್ತೇಹೋಗಿದೀನಿ."

"ಹಾಗಲ್ಲಕ್ಕಾ, ಕಾಗದದ ಮಾತು..."

"ಈಗಲೇ ಬರಿ. ನನ್ನ ಮುಂದೆ ಬರಿ. ಎಲ್ಲ ಇರಬೇಕು. ಹಾಗಾದ್ರೆ ಕೀಬೋರ್ಡು ಬಿಟ್ಟು ಹೋಗ್ತೀನಿ. ಇಲ್ದಿದ್ರೆ ನೀನುಂಟು, ನಿನ್ನ ಡಬ್ಬ ಉಂಟು."

ಅರ್ಜಿಯಣ್ಣ ಬರೆದ. ಕಸುಬಿಗೆ ಬಂದ ಮೇಲೆ ತನ್ನ ಕಡೆಯ ತೊಡಕನ್ನು ತಾನೇ ಬರೆದದ್ದು ಅದೇ ಮೊದಲು. ಬೆರಳುಗಳು ಹಲ್ಲು ಕೀಳಿಸಿಕೊಳ್ಳುವವರಂತೆ ಹಿಂಜರಿದವು. "ಈ ಕಂಪ್ಯೂಟರನ್ನು ನನ್ನ ಸಹೋದ್ಯೋಗಿಯೊಬ್ಬರು ಕೂಡ..."

"ಸಹೋದ್ಯೋಗಿ ಯಾರು? ಅಕ್ಕ ಅಂತ ಬರಿ."

"ಅಕ್ಕ. ಅವಳು ಊಟಕ್ಕೆ ಹೋಗುವಾಗ ತನ್ನ ಕೀಬೋರ್ಡನ್ನು ಕಿತ್ತು ತೆಗೆದುಕೊಂಡು ಹೋಗುತ್ತಾಳೆ."

"ಯಾಕೆ ಅಂತ?"

"ಅದು ಅವನಿಗೆ ಬೇಕಾಗಿಲ್ಲಕ್ಕಾ."

"ಅವನಿಗೆ ಬೇಡ, ನಂಗೆ ಬೇಕು. ಸುಮ್ಮನೆ ಕಿತ್ಕೊಂಡು ಹೋಗೋಕೆ ನಂಗೇನು ತಲೆ ಕೆಟ್ಟಿದೆಯಾ ಅಂತ ಅಂದ್ಕೊಳ್ಳಲ್ವಾ ಅವನು?"

ಅರ್ಜಿಯಣ್ಣ ಇಂಗ್ಲಿಷಿನಲ್ಲಿ ಏನೋ ಒಂದು ಉದ್ದದ ವಾಕ್ಯ ಹೊಸೆದ. ಅಕ್ಕ ಬಗ್ಗಿ ನೋಡಿದಳು. "ಇದರಲ್ಲಿ ಕಾಫಿ ಎಲ್ಲಿ? ಇಂಗ್ಲಿಷ್‌ನಲ್ಲೂ ಕಾಫಿ ಕಾಫೀನೇ. ಅಷ್ಟು ನಂಗೂ ಗೊತ್ತು."

ಕಾಫಿ ಸೇರಿತು. ನೋಟಿಸು ಸೇರಿತು. ಎತ್ತಿ ಆಡಿಸಿದ ಸಂಗತಿಯೂ ಸೇರುವುದರಲ್ಲಿತ್ತು. ಅಷ್ಟರಲ್ಲಿ ಜೆರಾಕ್ಸಿನವನು ಅಡ್ಡ ಬಂದು, "ಅಕ್ಕಾ, ಅಪೀಲು" ಎಂದು ಕರಡಿನ ಕಡೆ ಕೈ ತೋರಿಸಿದ.

ಚಿಲಕನ ಉತ್ತರ ಸಂಜೆಗೇ ಬಂತು. "ಇಲ್ಲಿಯೂ ಆಯಿತು. ದೋಷ ನಿಜ. ಮುಂದಿನ ಆವೃತ್ತಿಯಲ್ಲಿ ಸರಿಹೋಗುತ್ತದೆ. ಅಲ್ಲಿಯವರೆಗೆ ಕೀಬೋರ್ಡು ಕೀಳಬೇಡಿ. ಇದನ್ನು ಮೊದಲೇ ಬರೆದಿದ್ದರೆ ಅಂದೇ ಮುಗಿಯುತ್ತಿತ್ತು. ನಿಮ್ಮ ಅಕ್ಕನಿಗೆ ಹೇಳಿ: ನನ್ನ ಕೀಬೋರ್ಡಿನ ಪಕ್ಕದಲ್ಲೂ ಕಾಫಿ ಇದೆ."

ಅರ್ಜಿಯಣ್ಣ ಕೊನೆಯ ವಾಕ್ಯವನ್ನು ಹೇಳದೇ ಬಿಡಬಹುದಿತ್ತು. ಆದರೆ ಅಕ್ಕ ಕಾಫಿ ಎಂಬ ಪದವನ್ನು ಅಷ್ಟು ದೂರದಿಂದಲೇ ಗುರುತಿಸಿದ್ದಳು.

ಅಪೀಲಿನ ದಿನಗಳಲ್ಲಿ ಅವಳು ಮಾತಿಗೆ ತಪ್ಪಲಿಲ್ಲ. ಊಟಕ್ಕೆ ಹೋಗುವಾಗ ಕೀಬೋರ್ಡನ್ನು ಕೀಳದೆ, ಇದ್ದಲ್ಲೇ ಟವೆಲು ಹೊದಿಸಿ ನಾಲ್ಕು ಮೂಲೆಗೂ ಗಂಟು ಹಾಕಿ, ಜೆರಾಕ್ಸಿನವನನ್ನು ಕಾವಲಿಗೆ ಕೂರಿಸಿ ಹೋಗುತ್ತಿದ್ದಳು. ಅರ್ಜಿಯಣ್ಣ ಎದುರಿನಲ್ಲಿ ಕೈಕಟ್ಟಿ, ಶವದ ಮುಂದೆ ಕೂತ ದೂರದ ನೆಂಟನಂತೆ ಕೂತಿರುತ್ತಿದ್ದ.

ಹಿರಿ ವಕೀಲರು ತಾವೇ ಬಂದು ಅಪೀಲನ್ನು ತೆಗೆದುಕೊಂಡರು. ಅಂಗಡಿಯ ಮೆಟ್ಟಿಲ ಮೇಲೆ ನಿಂತು ಮೊದಲು ಕೊನೆಯ ಪ್ಯಾರಾ ಓದಿದರು. ತಮಗೆ ಬೇಕಾದುದೆಲ್ಲ ಅದರಲ್ಲಿತ್ತು. ತಪ್ಪು ಸಿಗಲಿಲ್ಲವೆಂಬ ಬೇಸರ ಮುಖದಲ್ಲಿ ಎದ್ದು ಕಾಣುತ್ತಿತ್ತು. "ಹ್ಞೂಂ," ಎಂದು ಹೊರಟುಹೋದರು.

"ಆ ಕುರ್ಚಿ ಇಲ್ಲೇ ಇರಲಿ ಅಂತ ಹೇಳು ಅವರಿಗೆ," ಎಂದಳು ಅಕ್ಕ.

"ಅಣ್ಣಾ, ಕುರ್ಚಿ ಇಲ್ಲೇ ಇರಲಿ ಅಂತೆ."

"ಕೇಳಿಸ್ತು," ಎಂದ ಅರ್ಜಿಯಣ್ಣ. ಅಲ್ಲಿಗೆ ಮಾತು ಮತ್ತೆ ನಿಂತಿತು.

ಹೊಸ ಆವೃತ್ತಿ ಬಂದಾಗ ಅದರ ಜೊತೆಗೆ ಏನೇನು ಸರಿಹೋಗಿದೆ ಎಂಬ ವಿವರವೂ ಬಂತು. ಅರ್ಜಿಯಣ್ಣ ತನ್ನ ಸಾಲನ್ನು ಹುಡುಕಿದ. ಇತ್ತು. "ಊಟದ ಹೊತ್ತಿನಲ್ಲಿ ಕೀಬೋರ್ಡು ಕಿತ್ತು ಮತ್ತೆ ಸಿಕ್ಕಿಸಿದರೆ ಭಾಷೆ ಇನ್ನು ಬದಲಾಗುವುದಿಲ್ಲ. ಪತ್ತೆಹಚ್ಚಿದವರು: ಫಿರ್ಯಾದುದಾರರ ಅಕ್ಕ."

ಅದನ್ನು ಅಕ್ಕನಿಗೆ ತೋರಿಸಿದ್ದು ತಾನಲ್ಲ ಎಂದು ಜೆರಾಕ್ಸಿನವನು ಇವತ್ತಿಗೂ ಆಣೆ ಹಾಕುತ್ತಾನೆ. ದೊಡ್ಡದು ಮಾಡಿ ಪ್ರಿಂಟು ಕೊಟ್ಟದ್ದನ್ನು ಮಾತ್ರ ಒಪ್ಪಿಕೊಳ್ಳುತ್ತಾನೆ. ಅಕ್ಕ ಆ ಹಾಳೆಗೆ ನಮ್ಮ ಭಾಷೆಯ ತರ್ಜುಮೆಯನ್ನೂ ಕೆಳಗೆ ಟೈಪು ಮಾಡಿ, ಕಾಫಿಯ ನೋಟಿಸಿನ ಮೇಲೆಯೇ, ಅದರ ಒಂದಕ್ಷರವೂ ಕಾಣದಂತೆ ಅಂಟಿಸಿದಳು. ಆಮೇಲೆ ಮಧ್ಯಾಹ್ನವಾಯಿತು. ಕೀಬೋರ್ಡು ಕಿತ್ತು, ಟವೆಲಿನಲ್ಲಿ ಸುತ್ತಿ, ಚೀಲಕ್ಕೆ ಹಾಕಿಕೊಂಡು ಎಂದಿನಂತೆ ಮನೆಗೆ ಹೊರಟಳು. ಕಾಫಿಯ ಲೋಟವನ್ನು ಮಾತ್ರ ತಮ್ಮನ ಕೀಬೋರ್ಡಿನ ಪಕ್ಕದಲ್ಲೇ ಬಿಟ್ಟು ಹೋದಳು.

ಅರ್ಜಿಯಣ್ಣ ಲೋಟವನ್ನು ನೋಡಿದ. ಗೋಡೆಯನ್ನು ನೋಡಿದ. ಹೊಸ ಆವೃತ್ತಿ ಹಾಕಿದಾಗಿನಿಂದ ಪ್ರಿಂಟರು ಹಾಳೆಯನ್ನು ಎರಡೆರಡು ಸಲ ಎಳೆಯುತ್ತಿತ್ತು. ಅವನು ಚಿಲಕನ ಬಾಗಿಲು ತೆರೆದು, ಮೈ ಪರಚಿಕೊಳ್ಳುವಷ್ಟು ಸಿಟ್ಟಿನಲ್ಲಿ, ಹೊಸ ದೂರಿನ ಮೊದಲ ಸಾಲು ಬಡಿದ: "ಈ ಅಂಗಡಿಯಲ್ಲಿ ನಾವಿಬ್ಬರಿದ್ದೇವೆ. ಪರಸ್ಪರ ಮಾತಾಡುವುದಿಲ್ಲ."